ತಾಡಪತ್ರಿಯ ಕೆಳಗಿನ ಕಾವು

ಆ ದಿನ ಬೆಳಿಗ್ಗೆ ಜಮಖಂಡಿಯ ಬಸ್ಸಿಗೆ ಹೊರಡುವ ಮುಂಚೆ ನನ್ನ ಮೊಮ್ಮಗಳು ಹಿತ್ತಲಿಗೆ ಹೋಗಿ ಬಂದಳು. ಕೈ ತೊಳೆದು, ನನ್ನ ಮುಂದೆ ನಿಂತು, ಒಂದೇ ಮಾತು ಹೇಳಿದಳು.

"ಆಯಿ, ತಾಡಪತ್ರಿ ಯಾರೂ ಬಿಚ್ಚಬ್ಯಾಡ್ರಿ. ನೀ ಸುದ್ದಾ. ನಾ ಬಂದ್ ಬಿಚ್ಚತೇನಿ."

"ಆತು" ಎಂದೆ. ನನಗೆ ಒಂದು ಸಲ ಹೇಳಿದರೆ ಸಾಕು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು ನಾನು. ಆದೇಶ ಯಾರು ಕೊಟ್ಟರು, ಅವರ ವಯಸ್ಸೆಷ್ಟು ಎಂದು ನೋಡುವ ಅಭ್ಯಾಸ ನನಗಿಲ್ಲ. ಹಿತ್ತಲಿನ ಮಟ್ಟಿಗೆ ಆದೇಶ ಕೊಡುವವಳು ಅವಳೇ.

ಅವಳು ಆಗ ಪಿಯುಸಿ ಮೊದಲ ವರ್ಷದಲ್ಲಿದ್ದಳು. ನಮ್ಮದು ಹಿಪ್ಪರಗಿಯ ಹತ್ತಿರದ ಊರು, ಸುತ್ತ ಎಲ್ಲಿ ನೋಡಿದರೂ ಕಬ್ಬು. ಕಬ್ಬು ನಾಟಿದ ಹೊಲದಲ್ಲಿ ಅಲ್ಲಲ್ಲಿ ಮೊಳಕೆ ಏಳದೆ ಜಾಗ ಬರಿದಾಗಿ ಉಳಿಯುತ್ತದೆ. ಹೈಸ್ಕೂಲಿನಲ್ಲಿದ್ದಾಗಲೇ ಅವಳು ಕಬ್ಬಿನ ಗಣಿಕೆಯಿಂದ ಕಣ್ಣುಗಳನ್ನು ತೆಗೆದು, ಒಡೆದ ಚಹಾದ ಲೋಟಗಳಲ್ಲಿ ಮಣ್ಣು ತುಂಬಿ ಊರಿ, ಮಾಳಿಗೆಯ ಮೇಲೆ ಸಾಲಾಗಿ ಇಟ್ಟಿದ್ದಳು. ಆಟ ಎಂದುಕೊಂಡೆವು. ಪಕ್ಕದ ಹೊಲದವರು ಬರಿದಾದ ಜಾಗ ತುಂಬಲು ಆ ಸಸಿಗಳನ್ನು ಕೇಳಿಕೊಂಡು ಬಂದರು. ನಮ್ಮ ಕಡೆ ಸಸಿಗೆ ಅಗಿ ಎನ್ನುತ್ತಾರೆ. ಮರುವರ್ಷ ಲೋಟ ಹೋಗಿ ಟ್ರೇ ಬಂತು. ಹಿತ್ತಲಲ್ಲಿ ಹಸಿರು ನೆರಳು ಪರದೆ ಎದ್ದಿತು. "ಅಗಿ ಹುಡುಗಿ ಮನಿ ಯಾವ್ದು?" ಎಂದು ಕೇಳಿಕೊಂಡು ಬೈಕಿನವರು ಬರತೊಡಗಿದರು.

ಅವಳ ಅಪ್ಪ, ಎಂದರೆ ನನ್ನ ಮಗ, ಮುಧೋಳದಲ್ಲಿ ನೌಕರಿ ಮಾಡುತ್ತಾನೆ. ಅವನಿಗೆ ಇದು ಮೊದಲಿನಿಂದಲೂ ಸೇರದು. ಪಿಯುಸಿಯಲ್ಲಿ ಅಂಕ ಕಡಿಮೆ ಬಂದರೆ ಏನು ಗತಿ ಎಂಬುದೊಂದೇ ಅವನ ಮಾತು. ಆ ವರ್ಷ ಸಾವಳಗಿಯ ರೈತನೊಬ್ಬ ಒಂದು ಹೊಲಕ್ಕೆ ಪೂರಾ ಬೇಕಾಗುವಷ್ಟು ಅಗಿ ಹೇಳಿದಾಗ ಮನೆಯಲ್ಲಿ ದೊಡ್ಡ ಜಗಳವೇ ಆಯಿತು. ಕೊನೆಗೆ ಮಗ ಹೇಳಿದ: "ಇದೊಂದ್ ಆರ್ಡರ್ ಮಾಡು. ಕೆಟ್ಟಿತು ಅಂದ್ರ ಅವತ್ತ ಪರದೆ ಬಿಚ್ಚತೇನಿ. ಆಮ್ಯಾಲ ನಿನ್ನ ಬಾಯಾಗ ಅಗಿ ಅನ್ನೂ ಮಾತು ಬರಬಾರದು."

"ಕೆಡೂದಿಲ್ಲ" ಎಂದಳು.

ಅಲ್ಲಿಗೆ ಮಾತು ಮುಗಿಯಿತು.

ಕೆಲಸ ಹೀಗಿರುತ್ತದೆ. ಕಬ್ಬಿನ ಕಣ್ಣುಗಳನ್ನು ಟ್ರೇಗಳಲ್ಲಿ ತೆಂಗಿನ ನಾರಿನ ಪುಡಿಯೊಳಗೆ ಊರಿ, ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಗಾಳಿ ಹೋಗದಂತೆ ತಾಡಪತ್ರಿ, ಎಂದರೆ ಟಾರ್ಪಾಲು, ಸುತ್ತಿ ಬಿಗಿಯಬೇಕು. ಒಳಗಿನ ಕಾವಿಗೆ ಕಣ್ಣು ಒಡೆದು ಮೊಳಕೆ ಮೂಗು ತೋರಿಸುತ್ತದೆ. ಆಮೇಲೆ ಬಿಚ್ಚಿ ನೆರಳಿನಲ್ಲಿ ಹರವಿ ನೀರು ಕೊಟ್ಟರೆ ಒಂದು ತಿಂಗಳಿಗೆ ಅಗಿ ಹೊಲಕ್ಕೆ ಹೋಗುತ್ತದೆ. ಬೇಗ ಬಿಚ್ಚಿದರೆ ಅರ್ಧ ಕಣ್ಣುಗಳು ಏಳುವುದೇ ಇಲ್ಲ. ಮನೆಯಲ್ಲಿ ಮಡಕಿ ಕಾಳು ಮೊಳಕೆ ಕಟ್ಟುವ ಪದ್ಧತಿಯೂ ಇದೇ. ಒದ್ದೆ ಅರಿವೆಯಲ್ಲಿ ಗಂಟು ಕಟ್ಟಿ ಬೋಗುಣಿಯ ಕೆಳಗಿಟ್ಟರೆ ನಡುವೆ ಬಿಚ್ಚಿ ನೋಡುವಂತಿಲ್ಲ. ನನ್ನ ಅತ್ತೆ, ನೋಡಲು ಹೋದ ಕೈಗೆ ಸಟ್ಟುಗದಿಂದ ಹೊಡೆಯುತ್ತಿದ್ದರು. "ನೋಡಿದ್ರ ನಾಚಿ ಒಳಗ ಹೊಕ್ಕಾವ" ಎನ್ನುತ್ತಿದ್ದರು. ಮೊಮ್ಮಗಳು ಆ ಮಾತನ್ನು ನನ್ನ ಬಾಯಿಂದಲೇ ಕೇಳಿ ಬೆಳೆದವಳು.

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಚಳಿಯಲ್ಲಿ ಅವಳು ಒಂದಿಷ್ಟು ಅಗಿ ಮಾಡಿದ್ದಳು. ತಾಡಪತ್ರಿಯ ಮೇಲೆ ಬನಹಟ್ಟಿಯ ನೂಲಿನ ಅಂಗಡಿಯಿಂದ ತಂದ ಚೀಲ, ಚೀಲದ ಮೇಲೆ ಮನೆಯ ಹಳೆಯ ಕೌದಿ. ಎಲ್ಲ ಕಣ್ಣುಗಳೂ ಎದ್ದಿದ್ದವು. ಈ ದೊಡ್ಡ ಆರ್ಡರಿಗೂ ಹಾಗೆಯೇ ಮಾಡಿದಳು. ತಗಡಿನ ಶೆಡ್ಡಿನಲ್ಲಿ ಗೋಡೆಗೆ ಒತ್ತಿ ಟ್ರೇಗಳ ಗುಡ್ಡೆಗಳನ್ನು ನಿಲ್ಲಿಸಿದಳು. ಜಾಗ ಸಾಲದೆ ಒಂದು ಗುಡ್ಡೆ ಮಾತ್ರ ಈಚೆ ಬಾಗಿಲ ಬಳಿ ಉಳಿಯಿತು. ಅದೇ ಚೀಲ, ಅದೇ ಕೌದಿ. ಆದರೆ ನಡುವೆ ಶಿವರಾತ್ರಿ ಬಂದು ಹೋಯಿತು. ಚಳಿ ಶಿವ ಶಿವ ಎನ್ನುತ್ತ ಹೋಗುತ್ತದೆ ಎಂದು ಹಿರಿಯರು ಹೇಳುವುದು ಸುಮ್ಮನೆ ಅಲ್ಲ. ಆ ವಾರ ಬಿಸಿಲು ಒಮ್ಮೆಗೇ ಏರಿತು.

ಅವಳ ಬಸ್ಸು ಹೋಯಿತು. ಮಗ ಮುಧೋಳಕ್ಕೆ ಹೋದ. ಸೊಸೆ ತಂಗಿಯ ಬಾಣಂತನಕ್ಕೆಂದು ಬೀಳಗಿಯ ತವರಿನಲ್ಲಿದ್ದಳು. ಮನೆಯಲ್ಲಿ ನಾನೊಬ್ಬಳೇ. ರೊಟ್ಟಿ ಬಡಿದು, ಪಾತ್ರೆ ಒರೆಸಿಟ್ಟು, ಮಧ್ಯಾಹ್ನ ಎಂದಿನಂತೆ ಒಂದು ಸುತ್ತು ಹಾಕಲು ಹಿತ್ತಲಿಗೆ ಹೋದೆ. ಕೀಲಿ, ನಲ್ಲಿ, ಬಾಗಿಲುಗಳನ್ನು ನೋಡಿ ಬರುವ ಸುತ್ತು ಅದು.

ಶೆಡ್ಡಿನ ಬಾಗಿಲಿಗೆ ಹೋದವಳು ನಿಂತುಬಿಟ್ಟೆ. ಬೆಳಿಗ್ಗೆಯವರೆಗೆ ಅಲ್ಲಿ ಹಸಿ ಕಬ್ಬಿನ ಸಿಹಿ ವಾಸನೆ ಇತ್ತು. ಈಗ ಅದರೊಳಗೆ ಹುಳಿ ಸೇರಿತ್ತು. ವಾರ್ಡಿನಲ್ಲಿ ದಿನ ಕಳೆದವರಿಗೆ ಮೂಗೇ ಮೊದಲು ಹೇಳುತ್ತದೆ. ಗೋಡೆಯ ತಗಡು ಮುಟ್ಟಿದೆ. ಕೈ ಇಡಲಾಗಲಿಲ್ಲ. ಕೌದಿಯ ಕೆಳಗೆ ಕೈ ತೂರಿಸಿ ತಾಡಪತ್ರಿ ಮುಟ್ಟಿದೆ. ಜ್ವರ ಬಂದ ಮಗುವಿನ ಹೊಟ್ಟೆಯಂತೆ ಕಾದಿತ್ತು.

ಒಳಗೆ ಹೋಗಿ ಜ್ವರ ನೋಡುವ ಯಂತ್ರ ತಂದೆ. ತಾಡಪತ್ರಿಯ ಮಡಿಕೆಯಲ್ಲಿ ಅದನ್ನು ತೂರಿಸಿ ಕಾದೆ. ಅಂಕಿ ಬರಲಿಲ್ಲ. 'ಎಚ್' ಎಂಬ ಒಂದೇ ಅಕ್ಷರ ಬಂತು. ಮನುಷ್ಯನ ಮೈಗೆ ಬರಬಹುದಾದ ಜ್ವರವನ್ನು ದಾಟಿದೆ ಎಂದು ಅದರ ಅರ್ಥ.

ಮೊಮ್ಮಗಳು ಪರೀಕ್ಷೆಯ ಕೋಣೆಯಲ್ಲಿದ್ದಳು. ಅವಳ ಫೋನು ಮನೆಯ ಮಾಡದಲ್ಲಿತ್ತು. ಮಗನಿಗೆ ಫೋನು ಮಾಡಿದೆ.

"ಟ್ರೇ ಭಾಳ ಕಾದಾವಪಾ. ವಾಸನಿ ಬರಾಕತ್ತೈತಿ. ಅಕಿ ಬಿಚ್ಚಬ್ಯಾಡ ಅಂದ್ ಹೋಗ್ಯಾಳ."

"ಹಂಗಾದ್ರ ಬಿಚ್ಚಬ್ಯಾಡವ್ವಾ."

"ಕೆಟ್ಟು ಹೋದ್ರ?"

ಅವನು ಹೇಳಿದ: "ಅಕಿ ದಂಧೆ, ಅಕೀನ ನೋಡ್ಕೊಳ್ಳಿ. ನೀ ಮುಟ್ಟಿದಿ ಅಂದ್ರ ನಾಳೆ ಆಯಿನ ಕೆಡಿಸಿದ್ಲು ಅಂತಾಳ. ಸುಮ್ಮ ಕುಂದರು."

ಅವನ ದನಿಯಲ್ಲಿ ಗಾಬರಿ ಇರಲಿಲ್ಲ. ಇದು ತನ್ನಷ್ಟಕ್ಕೆ ಕೆಟ್ಟರೆ ಅವನಿಗೆ ಒಂದು ಭಾರ ಇಳಿದಂತೆ. ನಾನು ಫೋನು ಇಟ್ಟೆ. ಇಡುತ್ತಿದ್ದಂತೆ ಮಾಡದಲ್ಲಿದ್ದ ಅವಳ ಫೋನು ರಿಂಗಾಗತೊಡಗಿತು. ಸಾವಳಗಿಯ ರೈತ.

"ಏನ್ರಿ ಮಾಲಕರ, ನಮ್ಮ ಅಗಿ ಎದ್ದಾವೋ, ಇನ್ನಾ ಮಲಗ್ಯಾವೋ?"

"ಮಾಲಕರು ಪರೀಕ್ಷಾ ಬರಿಯಾಕ ಹೋಗ್ಯಾರ್ರಿ. ನಾ ಅವರ ಆಯಿ."

"ಹೌದನ್ರಿ ಅಮ್ಮಾರ! ಮಾಲಕರು ಇನ್ನಾ ಸಾಲಿ ಕಲಿಯಾಕತ್ತಾರ, ಮರತ ಬಿಟ್ಟಿದ್ನಿ ನೋಡ್ರಿ" ಎಂದು ನಕ್ಕ. ಆಮೇಲೆ ನಗು ನಿಂತಿತು. "ಹೊಲಾ ಸಾಲು ಬಿಟ್ಟ್ ಇಟ್ಟೇನ್ರಿ. ಯುಗಾದಿ ಆದ ವಾರ ಕಾಲವಿ ನೀರಿನ ಪಾಳಿ ಬರತೈತಿ. ಅದು ತಪ್ಪಿದ್ರ ಈ ವರ್ಷ ಮುಗೀತು. ಅಗಿ ಚಲೋ ಅದಾವಿಲ್ರಿ?"

ಸುಳ್ಳು ಹೇಳುವಂತಿರಲಿಲ್ಲ. ಮಾಲಕಿಗಿಂತ ಮೊದಲು ಗಿರಾಕಿಗೆ ಸುದ್ದಿ ಹೇಳುವುದೂ ನನ್ನ ಕೆಲಸ ಅಲ್ಲ. "ಅಕಿ ಬಂದ ಕೂಡ್ಲೆ ಫೋನ್ ಹಚ್ಚತಾಳ್ರಿ" ಎಂದೆ.

ಮತ್ತೆ ಶೆಡ್ಡಿನ ಮುಂದೆ ನಿಂತೆ. ವೈದ್ಯರಿಲ್ಲದ ಹೊತ್ತಿನಲ್ಲಿ ನರ್ಸ್ ಔಷಧ ಬದಲಿಸಬಾರದು. ಆದರೆ ಏರಿದ ಜ್ವರವನ್ನು ನೋಡುತ್ತ ಕೂರುವಂತೆಯೂ ಇಲ್ಲ, ಇಳಿಸಬೇಕು. ಇಳಿಸಿ, ಬಂದ ವೈದ್ಯರಿಗೆ ಏನು ಮಾಡಿದೆ ಎಂದು ಹೇಳಬೇಕು. ನಾನು ಕಲಿತದ್ದು ಇಷ್ಟು. ಮಡಕಿ ಕಾಳಿನ ಗಂಟಿಗೆ ಅತ್ತೆಯ ಮಾತು ಸರಿ. ಆದರೆ ಅತ್ತೆ ಎಂದೂ ಗಂಟನ್ನು ಒಲೆಗೆ ಒತ್ತಿ ಇಟ್ಟವರಲ್ಲ.

ಸೆರಗು ಸಿಕ್ಕಿಸಿ, ಕೌದಿಗಳನ್ನು ಎಳೆದು ಹೊರಗೆ ಹಾಕಿದೆ. ಹಗ್ಗದ ಗಂಟು ಬಿಚ್ಚಿದೆ. ತಾಡಪತ್ರಿ ಸರಿಸಿದ ಕೂಡಲೇ ಮುಖಕ್ಕೆ ಹಬೆ ಹೊಡೆಯಿತು. ಟ್ರೇಗಳನ್ನು ಒಂದೊಂದಾಗಿ ಎತ್ತಿ ಪರದೆಯ ನೆರಳಿಗೆ ಸಾಗಿಸಿದೆ. ಭಾರ ಇದ್ದವು. ನಡುನಡುವೆ ಸೊಂಟ ಹಿಡಿದು ನಿಲ್ಲಬೇಕಾಯಿತು. ಆದರೂ ಅವು ಗುಡ್ಡೆಯಲ್ಲಿ ಯಾವ ಕ್ರಮದಲ್ಲಿದ್ದವೋ ಅದೇ ಕ್ರಮದಲ್ಲಿ ನೆಲದ ಮೇಲೆ ಜೋಡಿಸಿದೆ. ಗೋಡೆ ಕಡೆಯವು ಗೋಡೆ ಕಡೆಗೆ, ಈಚಿನವು ಈಚೆಗೆ. ನೀರು ಹಾಕಲಿಲ್ಲ, ಅದು ಅವಳ ತೀರ್ಮಾನ. ಬಾಗಿಲ ಬಳಿಯ ಗುಡ್ಡೆಯ ಮೇಲಿನ ಕೌದಿ ಮಾತ್ರ ತೆಗೆದು, ತಾಡಪತ್ರಿಗೆ ಕೈ ಇಟ್ಟು ನೋಡಿದೆ. ಬೆಚ್ಚಗಿತ್ತು, ಅಷ್ಟೇ. ಅದನ್ನು ಬಿಚ್ಚಲಿಲ್ಲ. ಜ್ವರ ಇಲ್ಲದವರಿಗೆ ಗುಳಿಗೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ.

ಅವಳು ಬಂದಾಗ ನಾನು ಕೌದಿ ಮಡಿಸುತ್ತಿದ್ದೆ. ಅವಳ ಹೆಗಲಿನ ಚೀಲ ಇನ್ನೂ ಇಳಿದಿರಲಿಲ್ಲ.

"ಯಾರು ಬಿಚ್ಚಿದ್ರು?"

"ನಾ."

"ನಾ ಏನ್ ಹೇಳಿ ಹೋಗಿದ್ನಿ ಆಯಿ? ಏನ್ ಹೇಳಿ ಹೋಗಿದ್ನಿ? ಯಾರ ಮಾತೂ ಕೇಳಾಕಿ ಅಲ್ಲೇನ್ ನೀ? ಕಣ್ಣ ಏಳದಿದ್ರ ಅಪ್ಪಗ ನಾ ಏನ್ ಹೇಳ್ಲಿ?"

ನಾನು ಎದ್ದು ನಿಂತು, ಪಾಳಿ ಬದಲಾಗುವಾಗ ಹೇಳುವಂತೆ ಹೇಳಿದೆ. ವಾಸನೆ ಬಂತು, ಯಂತ್ರದಲ್ಲಿ ಅಂಕಿ ಬರಲಿಲ್ಲ, ಗೋಡೆಗೆ ಒತ್ತಿದ ಗುಡ್ಡೆಗಳನ್ನು ಬಿಚ್ಚಿದೆ, ಬಾಗಿಲ ಬಳಿಯದನ್ನು ಬಿಟ್ಟಿದ್ದೇನೆ, ನೀರು ಹಾಕಿಲ್ಲ, ಸಾವಳಗಿಯಿಂದ ಫೋನು ಬಂದಿತ್ತು.

ಅವಳು ಟ್ರೇಗಳ ನಡುವೆ ಕೂತಳು. ಒಂದು ಕಣ್ಣು ಕಿತ್ತು ಉಗುರಿನಿಂದ ಒತ್ತಿದಳು. ಕಂದು ನೀರು ಬಂತು. ಮುಂದಿನದು, ಅದರ ಮುಂದಿನದು. ಈಚೆ ಸರಿದಂತೆ ಕಣ್ಣುಗಳು ಗಟ್ಟಿಯಾಗಿ ಸಿಗತೊಡಗಿದವು. ಬಿಳಿಯ ಮೊಳಕೆ ಅಕ್ಕಿಕಾಳಿನಷ್ಟು ಹೊರಗೆ ಬಂದಿತ್ತು. ಅವಳು ಸಾಲಿನ ಆ ತುದಿಯಿಂದ ಈ ತುದಿಯವರೆಗೆ ನೋಟ ಓಡಿಸಿದಳು. ಆಮೇಲೆ ತಿರುಗಿ ತಗಡಿನ ಗೋಡೆಯನ್ನು ನೋಡಿದಳು.

"ಗೋಡಿ ಕಡೀವಷ್ಟ ಸತ್ತಾವ" ಎಂದಳು.

ಮಗ ಸಂಜೆ ಬೈಕು ನಿಲ್ಲಿಸಿ ನೇರ ಹಿತ್ತಲಿಗೇ ಬಂದ. ಒಂದು ಕಡೆ ರಾಶಿ ಹಾಕಿದ್ದ ಕೊಳೆತ ಕಣ್ಣುಗಳನ್ನು ನೋಡಿದ. "ಆತಿಲ್ಲ? ನಾ ಹೇಳಿದ್ನಿಲ್ಲ? ನಾಳೆ ಪರದೆ ಬಿಚ್ಚೂಣು."

"ಅಗಿ ಸತ್ತಾವಪ್ಪಾ. ಆರ್ಡರ್ ಇನ್ನಾ ಸತ್ತಿಲ್ಲ." ಅವಳು ಅಲ್ಲಿಯೇ, ಅಪ್ಪನ ಮುಂದೆಯೇ, ಸಾವಳಗಿಗೆ ಫೋನು ಹಚ್ಚಿದಳು. ದನಿ ನಮಗೂ ಕೇಳುವಂತೆ ಇಟ್ಟಳು.

"ಕಾಕಾ, ಒಂದ್ ತಪ್ಪಾಗೇತ್ರಿ. ಚಳ್ಯಾಗ ಮುಚ್ಚಿದಂಗ ಬಿಸಲಾಗ ಮುಚ್ಚಿದ್ನಿ. ಗೋಡಿ ಕಡೀವು ಕುದ್ದು ಹೋಗ್ಯಾವ. ಪೂರಾ ಹೊಲಕ್ಕ ಸಾಲೂದಿಲ್ಲ. ಮುಕ್ಕಾಲು ಹೊಲಕ್ಕ ಆಗತಾವ. ಉಳಿದಾವು ಹೊಸಾದು ಹಾಕ್ತೇನಿ, ಆದ್ರ ನಿಮ್ಮ ನೀರಿನ ಪಾಳಿಗೆ ಬರೂದಿಲ್ಲ."

ಆ ಕಡೆ ಯಾರದೋ ಟ್ರ್ಯಾಕ್ಟರಿನ ಸದ್ದು ಕೇಳುತ್ತಿತ್ತು.

"ನಿನ್ನ ನಂಬಿ ಬ್ಯಾರೆ ಕಡೆ ಹೇಳಲಿಲ್ಲ ನಾ" ಎಂದ. ಬಹುವಚನ ಹೋಗಿತ್ತು, ಮಾಲಕರು ಎಂಬುದೂ ಹೋಗಿತ್ತು. "ಉಳಿದಾವು ಜೀವಂತ ಅದಾವಂತ ಹೆಂಗ್ ನಂಬ್ಲಿ? ನಾಳೆ ಬರ್ತೇನಿ. ನನ್ನ ಕಣ್ಣಿಲೆ ನೋಡ್ತೇನಿ. ಚಲೋ ಇದ್ರ ಒಯ್ತೇನಿ, ಇಲ್ಲಾಂದ್ರ ನಿನಗೂ ನನಗೂ ಸಂಬಂಧಿಲ್ಲ."

ಆ ರಾತ್ರಿ ಬಡಿದ ರೊಟ್ಟಿ ಬುಟ್ಟಿಯಲ್ಲೇ ಉಳಿದವು.

ಬೆಳಿಗ್ಗೆ ರೈತ ಬಂದ. ಐವತ್ತು ದಾಟಿದ ಆಸಾಮಿ, ತಲೆಗೆ ಬಿಳಿ ಟೋಪಿ. ಚಹಾ ಬೇಡ ಎಂದ. ಹರವಿದ ಟ್ರೇಗಳಲ್ಲಿ ತನಗೆ ಬೇಕಾದಲ್ಲಿ ಕೈ ಹಾಕಿ ಕಣ್ಣು ಕಿತ್ತ, ಮೂಸಿದ, ಹಲ್ಲಿನಲ್ಲಿ ಕಚ್ಚಿ ಉಗುಳಿದ. ಮುಖದಲ್ಲಿ ಏನೂ ಕಾಣಿಸಲಿಲ್ಲ. ಬಾಗಿಲ ಬಳಿಯ ಕಟ್ಟಿದ ಗುಡ್ಡೆಯನ್ನು ತೋರಿಸಿ, "ಇದು?" ಎಂದ.

"ಇದನ್ನ ಇನ್ನಾ ಬಿಚ್ಚಿಲ್ರಿ" ಎಂದಳು. "ನಿಮ್ಮ ಮುಂದನ ಬಿಚ್ಚತೇನಿ."

ಮಗ ಬೈಕಿನ ಕೀಲಿ ಹಿಡಿದುಕೊಂಡೇ ನಿಂತಿದ್ದ. ಅವಳು ಹಗ್ಗ ಸಡಿಲಿಸಿದಳು. ಗಂಟನ್ನು ಕತ್ತರಿಸದೆ ಬಿಚ್ಚಿದಳು. ತಾಡಪತ್ರಿ ಸರಿಯಿತು. ಮೇಲಿನ ಟ್ರೇ ಎತ್ತಿದಳು, ಕೆಳಗಿನದು, ಅದರ ಕೆಳಗಿನದು. ಎಲ್ಲದರಲ್ಲೂ ಸಾಲಿಗೆ ಸಾಲು ಮೊಳಕೆ ಎದ್ದು ನಿಂತಿದ್ದವು, ಒಂದೇ ಎತ್ತರ.

ರೈತ ಕುಕ್ಕರಗಾಲಿನಲ್ಲಿ ಕೂತು ನೋಡಿದ. "ಎಲ್ಲಾ ಬಿಚ್ಚಿದಾಕಿ ಇದನ್ನೊಂದ್ ಯಾಕ್ ಬಿಟ್ಟಿ?"

"ನಾ ಬಿಚ್ಚಿಲ್ರಿ, ನಮ್ಮ ಆಯಿ ಬಿಚ್ಚಿದ್ದು. ಇದಕ್ಕ ಜ್ವರ ಇರಲಿಲ್ಲಂತ."

ಅವನು ನನ್ನ ಕಡೆ ನೋಡಿದ. ಮೊದಲ ಬಾರಿ ನಕ್ಕ. "ಅಗಿ ಸಾಲದ ಮೂಲಿಗೆ ಗೋವಿನ ಜ್ವಾಳ ಹಾಕ್ತೇನಿ ಬಿಡ್ರಿ. ಉಳದದ್ದಕ್ಕ ಇವ ಇರಲಿ. ಮತ್ತ್ ಏನರ ಕೆಟ್ರ ಹಿಂಗ ಮೊದಲ ಹೇಳ್ರಿ ಮಾಲಕರ. ಈಗ ಚಹಾ ಕುಡಿತೇನಿ."

ಚಹಾ ಸೋಸಿ ಹೊರಗೆ ತಂದಾಗ ಮಗ ಏಣಿ ಹತ್ತಿದ್ದ. ಪರದೆ ಬಿಚ್ಚಲೆಂದೇ ಹತ್ತಿದ ಎಂದುಕೊಂಡೆ. ಆದರೆ ಅವನ ಕೈ ಪರದೆಯ ಕಡೆ ಇರಲಿಲ್ಲ. ಅವನು ನೂಲಿನ ಚೀಲಗಳನ್ನು ನೆನೆಸಿ ತಗಡಿನ ಗೋಡೆಯ ಹೊರಮೈಗೆ ಇಳಿಬಿಡುತ್ತಿದ್ದ.

ಮುಂದಿನ ಪರೀಕ್ಷೆಗೆ ಹೊರಡುವ ಮುಂಚೆ ಮೊಮ್ಮಗಳು ಮತ್ತೆ ನನ್ನ ಮುಂದೆ ನಿಂತಳು. ಹಿಂದಿನ ದಿನ ಬೇರೊಬ್ಬ ಗಿರಾಕಿಗೆಂದು ಹೊಸ ಕಣ್ಣುಗಳ ಗುಡ್ಡೆಯೊಂದನ್ನು ಕಟ್ಟಿದ್ದಳು, ಗೋಡೆಯಿಂದ ದೂರ, ಕೌದಿ ಇಲ್ಲದೆ.

"ಆಯಿ, ಮಧ್ಯಾನ ಜ್ವರಾ ನೋಡೂದು ನಿನ್ನ ಕೆಲಸ. ಬಿಚ್ಚೂದ್ ಮಾತ್ರ ನನ್ನ ಕೇಳಿ ಬಿಚ್ಚು."

"ನೀ ಪರೀಕ್ಷಾದಾಗಿದ್ರ?"

ಅವಳು ಚೀಲದ ಪಟ್ಟಿ ಸರಿ ಮಾಡಿಕೊಂಡಳು. ಬಸ್ಸಿನ ಹಾರ್ನು ಕೇಳಿಸಿತು.

"ಆವಾಗ ಬಿಚ್ಚು" ಎಂದಳು. "ಆದ್ರ ಮೊನ್ನಿ ಜೋಡಿಸಿದಂಗ ಸಾಲಾಗಿ ಜೋಡಿಸು."

"ಆತು" ಎಂದೆ.