ಕ್ಯಾಸೆಟ್ಟಿನೊಳಗಿನ ಟ್ರಂಪೆಟ್ಟು

ಸಿಡ್ನಿಗೆ ಬಂದ ಹೊಸತರಲ್ಲಿ ನಾವು ಗಿರಾವೀನ್‌ನ ಒಂದು ಯೂನಿಟ್‌ನಲ್ಲಿ, ಅಂದರೆ ಫ್ಲ್ಯಾಟಿನಲ್ಲಿ, ರೆಂಟ್‌ಗೆ ಇದ್ದೆವು. ಗಂಡನಿಗೆ ಐಟಿ ಕೆಲಸ, ಮಗಳಿಗೆ ಐದು ವರ್ಷ. ನಾನು ಎಲ್ಲಿ ಅರ್ಜಿ ಹಾಕಿದರೂ "ಲೋಕಲ್ ಎಕ್ಸ್‌ಪೀರಿಯೆನ್ಸ್ ಇದೆಯಾ?" ಅನ್ನುವ ಒಂದೇ ಪ್ರಶ್ನೆ. ಕೊನೆಗೆ ಪ್ಯಾರಮಟ್ಟಾ ಕಡೆಯ ಒಂದು ಫೋಟೊ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಹಳೇ ವಿಡಿಯೊ ಕ್ಯಾಸೆಟ್ಟುಗಳನ್ನು ಡಿವಿಡಿಗೆ ಇಳಿಸಿಕೊಡುವ ಕೆಲಸ. ನಮ್ಮಪ್ಪ ದಾವಣಗೆರೆಯಲ್ಲಿ ಕ್ಯಾಸೆಟ್ಟು, ವಿಸಿಆರ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರು. ವಿಸಿಆರ್ ಬಿಚ್ಚಿ ಟೇಪು ಓದುವ ಹೆಡ್ ಒರೆಸುವುದು ನನಗೆ ಹೈಸ್ಕೂಲಿನಲ್ಲೇ ಬರುತ್ತಿತ್ತು. ಊರಲ್ಲಿ ಅದನ್ನೊಂದು ವಿದ್ಯೆ ಅಂತ ಯಾರೂ ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ.

ಒಂದು ಬೆಳಿಗ್ಗೆ ಅರವತ್ತರ ಆಸುಪಾಸಿನ ಕಪ್ಪು ವರ್ಣದ ಅಮೆರಿಕನ್ ಒಬ್ಬರು ಬಂದರು. ಎತ್ತರದ ಆಳು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬ್ರೆಡ್ಡಿನ ಕವರಿನಲ್ಲಿ ಸುತ್ತಿದ ಒಂದು ಕ್ಯಾಸೆಟ್ಟು. ಟೇಪಿನ ಅಂಚಿಗೆಲ್ಲ ಬಿಳಿ ಬೂಷ್ಟು ಹಿಡಿದಿತ್ತು.

"ಎರಡು ಅಂಗಡಿಯವರು ಕಸಕ್ಕೆ ಹಾಕಿ ಅಂದರು. ನೀವೂ ಹಾಗೇ ಅನ್ನುತ್ತೀರಾ?" ಅಂತ ಕೇಳಿದರು.

"ಇದರಲ್ಲಿ ಏನಿದೆ?" ಅಂದೆ.

"ನಾನಿದ್ದೇನೆ," ಅಂದರು.

ಎಪ್ಪತ್ತರ ದಶಕದ ಶುರುವಿನಲ್ಲಿ ಅಮೆರಿಕದ ಟಿವಿಯಲ್ಲಿ ವಾರಕ್ಕೊಂದು ವೆರೈಟಿ ಶೋ ಬರುತ್ತಿತ್ತಂತೆ. ಹಾಡು, ಕುಣಿತ, ನಗೆ ನಾಟಕ ಎಲ್ಲ ಸೇರಿದ ಒಂದು ಗಂಟೆಯ ಕಾರ್ಯಕ್ರಮ. ಅದನ್ನು ನಡೆಸುತ್ತಿದ್ದವನು ಒಬ್ಬ ಕಪ್ಪು ಹಾಸ್ಯಗಾರ. "ಅದಕ್ಕೆ ಮುಂಚೆ ನಮ್ಮವರು ಟಿವಿಯಲ್ಲಿ ಬಂದರೆ ಬಾಗಿಲು ತೆಗೆಯುವ ಆಳಾಗಿ ಬರಬೇಕಿತ್ತು, ಇಲ್ಲ ಒಂದು ಹಾಡು ಹಾಡಿ ಹೋಗಬೇಕಿತ್ತು. ಈತ ಮನೆಯ ಯಜಮಾನನ ಹಾಗೆ ನಡುವೆ ನಿಂತು ಎಲ್ಲರನ್ನೂ ಬರಮಾಡಿಕೊಳ್ಳುತ್ತಿದ್ದ," ಅಂದರು. ಇವರು ಒಂದೇ ಒಂದು ವಾರ ಅಲ್ಲಿನ ವಾದ್ಯಗೋಷ್ಠಿಯಲ್ಲಿ ಟ್ರಂಪೆಟ್ ಊದಿದ್ದರು. ಅದು ಪ್ರಸಾರವಾದ ದಿನ ಅವರ ತಾಯಿ ಚರ್ಚಿಗೆ ಹೋಗುವ ಬಟ್ಟೆ ತೊಟ್ಟು, ಹ್ಯಾಟ್ ಇಟ್ಟುಕೊಂಡು ಟಿವಿ ಮುಂದೆ ಕೂತಿದ್ದರಂತೆ. ಆಮೇಲೆ ಇವರು ಹಡಗಿನ ಬ್ಯಾಂಡ್ ಸೇರಿ ಸಿಡ್ನಿಗೆ ಬಂದು, ಇಲ್ಲೇ ಮದುವೆಯಾಗಿ ಉಳಿದುಬಿಟ್ಟರು. ಎಷ್ಟೋ ವರ್ಷದ ಮೇಲೆ ಇಲ್ಲಿ ಮರುಪ್ರಸಾರವಾದಾಗ ಹೆಂಡತಿ ರೆಕಾರ್ಡ್ ಮಾಡಿಟ್ಟಿದ್ದರು. ಹೆಂಡತಿ ತೀರಿಕೊಂಡ ಮೇಲೆ ಗರಾಜಿನ ಡಬ್ಬಿಯಲ್ಲಿ ಅದು ಸಿಕ್ಕಿತ್ತು.

ಅಂಗಡಿಯ ಯಜಮಾನಿ ನನ್ನ ಮುಖ ನೋಡಿದಳು. "ಪ್ರಯತ್ನ ಮಾಡುತ್ತೇನೆ" ಅಂದುಬಿಟ್ಟೆ.

ಕ್ಯಾಸೆಟ್ಟಿನ ಕವಚ ಬಿಚ್ಚಿ, ರೀಲನ್ನು ಬೆರಳಿನಿಂದ ತಿರುಗಿಸುತ್ತ, ಸ್ಪಿರಿಟ್ಟಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಗೇಣು ಗೇಣಾಗಿ ಒರೆಸಬೇಕು. ಎರಡು ದಿನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಒರೆಸಿದೆ. ಮೂರನೆಯ ದಿನ ಮಧ್ಯಾಹ್ನ ಒಂದು ಕಡೆ ಸುತ್ತು ಅಂಟಿಕೊಂಡಿತ್ತು. ನಾನು ಗಮನಿಸದೆ ಎಳೆದೆ. ಟೇಪು ಹರಿದೇಹೋಯಿತು. ಅಂಚು ನಜ್ಜುಗುಜ್ಜಾಗಿತ್ತು. ಆ ತುಂಡು ಕತ್ತರಿಸಿ ತೆಗೆದು ಎರಡು ತುದಿ ಸೇರಿಸಿ ಅಂಟಿಸಿದೆ. ಕೆಲವು ಕ್ಷಣಗಳ ಚಿತ್ರ ಇನ್ನು ಯಾವ ಕಾಲಕ್ಕೂ ಸಿಗುವಂತಿರಲಿಲ್ಲ. ಯಜಮಾನಿಗೆ ಹೇಳಿದೆ. ಅವಳು, "ಅವರಿಗೆ ನೀನೇ ಹೇಳು. ನಾನು ಪಕ್ಕದಲ್ಲಿ ನಿಂತಿರುತ್ತೇನೆ," ಅಂದಳು.

ಕಾಪಿ ಮಾಡುವಾಗ ಇಡೀ ಕಾರ್ಯಕ್ರಮ ಕೂತು ನೋಡಲೇಬೇಕಿತ್ತು. ಆ ಇಂಗ್ಲಿಷು ನನಗೆ ಅರ್ಧಂಬರ್ಧ ಅರ್ಥವಾಯಿತು, ಆದರೂ ಎರಡು ಸಲ ಜೋರಾಗಿ ನಕ್ಕೆ. ಒಂದು ಕಡೆ ವಾದ್ಯ ಶುರುವಾಗುತ್ತಿದ್ದಂತೆ ಆ ಹಾಸ್ಯಗಾರ ಮಾತಿನ ನಡುವೆ ಗಕ್ಕನೆ ನಿಂತು, "ತಪ್ಪು ನನ್ನದು, ಮಾತೇ ಮರೆತುಹೋಯಿತು" ಅನ್ನುವ ಅರ್ಥ ಬರುವಂತೆ ಏನೋ ಹೇಳಿದ. ಜನ ಚಪ್ಪಾಳೆ ತಟ್ಟಿದರು. ಇಷ್ಟು ದೊಡ್ಡ ಕಲಾವಿದನಿಗೂ ಹೀಗಾಗುತ್ತಲ್ಲ ಅಂದುಕೊಂಡೆ.

ಮರುದಿನ ಅವರು ಬಂದ ಕೂಡಲೇ, ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದೆ. "ಸರ್, ನನ್ನ ಕೈಯಲ್ಲಿ ಟೇಪು ಹರಿಯಿತು. ಒಂದು ಚೂರು ಹೋಗಿದೆ. ನನ್ನದೇ ತಪ್ಪು."

"ಉಳಿದದ್ದು ತೋರಿಸಿ," ಅಂದರು ಮೆಲ್ಲಗೆ.

ನಾನು ಅಂಟಿಸಿದ ಜಾಗದಲ್ಲಿ ಚಿತ್ರ ಜಿಗಿಯಿತು. ಅವರು ನೋಡುತ್ತಲೇ ಇದ್ದರು. ಹಾಸ್ಯಗಾರ ಮಾತು ಮರೆತ ಜಾಗ ಬಂದಾಗ ಮಾತ್ರ ಕೈ ಎತ್ತಿ ನಿಲ್ಲಿಸಲು ಹೇಳಿದರು.

"ಆತ ಮಾತು ಮರೆತಿರಲಿಲ್ಲ. ನಾನು ಹೆದರಿ ಒಂದು ತಾಳ ಮುಂಚೆಯೇ ಊದಿಬಿಟ್ಟೆ. ಆತನ ಮಾತು ತುಂಡಾಯಿತು. ಸ್ಟುಡಿಯೊ ತುಂಬಾ ಜನ, ಎಲ್ಲರೂ ನನ್ನ ಕಡೆ ತಿರುಗುವ ಮೊದಲೇ ಆತ ತಪ್ಪನ್ನು ತನ್ನ ತಲೆ ಮೇಲೆ ಹಾಕಿಕೊಂಡ. ಮತ್ತೆ ಶೂಟ್ ಮಾಡೋಣವಾ ಅಂತ ಸ್ಟುಡಿಯೊದವರು ಕೇಳಿದರೂ, ಬೇಡ, ಇರಲಿ ಅಂದ. ಆತನಿಗೆ ನನ್ನ ಹೆಸರೂ ಗೊತ್ತಿರಲಿಲ್ಲ."

ಆಮೇಲೆ ನನ್ನ ಕಡೆ ತಿರುಗಿ, "ಕಸಕ್ಕೆ ಹೋಗಬೇಕಾದದ್ದನ್ನು ನೀವು ಉಳಿಸಿದ್ದೀರಿ. ಹರಿದದ್ದನ್ನು ಮುಚ್ಚಿಡಲಿಲ್ಲ. ನನಗೆ ಅಷ್ಟು ಸಾಕು," ಅಂದರು. ನನಗೆ ಅಳು ಬಂತು. ಯಜಮಾನಿ ಒಳಗೆ ಹೋಗಿ ಮೂವರಿಗೂ ಟೀ ಮಾಡಿಕೊಂಡು ಬಂದಳು.

ಎರಡು ವರ್ಷದ ಮೇಲೆ ಗಂಡನ ಕೆಲಸದಿಂದಾಗಿ ನಾವು ಮೆಲ್ಬರ್ನ್‌ಗೆ ಹೋದೆವು. ಟ್ರಂಪೆಟ್ ಊದುವ ಆ ಹಿರಿಯರ ಜೊತೆ ಒಡನಾಟ ಉಳಿದಿತ್ತು, ಅವರ ಮಗಳ ಮನೆ ಅಲ್ಲೇ ಗ್ಲೆನ್ ವೇವರ್ಲಿಯಲ್ಲಿತ್ತು. ಅವರು ಅಲ್ಲಿಗೆ ಬಂದಾಗ ಒಂದು ಭಾನುವಾರ ನಮ್ಮನ್ನೂ ಊಟಕ್ಕೆ ಕರೆದರು. ನಾನು ಚಿತ್ರಾನ್ನ ಮಾಡಿಕೊಂಡು ಹೋಗಿದ್ದೆ. ಊಟ ಆದ ಮೇಲೆ ಡಿವಿಡಿ ಹಾಕಿದರು. ಅವರ ಮೊಮ್ಮಕ್ಕಳ ಜೊತೆ ನನ್ನ ಮಗಳೂ ನೆಲದ ಮೇಲೆ ಕೂತಳು. "ಯಾರು ಅಂತ ಗೊತ್ತಾಯಿತಾ ಪುಟ್ಟಾ?" ಅಂತ ನಾನು ಕೇಳಿದರೆ ಇಂಗ್ಲಿಷಿನಲ್ಲೇ, "ದಟ್ಸ್ ಅಂಕಲ್, ಬಟ್ ವಿತ್ ಹೇರ್," ಅಂದಳು. ಎಲ್ಲರಿಗಿಂತ ಹೆಚ್ಚು ನಕ್ಕವರು ಅವರೇ.

ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತ ಅವರ ಮಗಳು, "ಅಮ್ಮ ಹೋದ ಮೇಲೆ ಅಪ್ಪ ಟ್ರಂಪೆಟ್ ಮುಟ್ಟಿರಲಿಲ್ಲ. ಇದನ್ನು ನೋಡಿದ ವಾರವೇ ಮತ್ತೆ ತೆಗೆದರು," ಅಂದಳು.

ಹೊರಡುವಾಗ ಅವರು, ಕೆಲಸ ಸಿಕ್ಕಿತೇ ಅಂತ ವಿಚಾರಿಸಿದರು. ಹಳೇ ಧ್ವನಿಮುದ್ರಣ, ಚಲನಚಿತ್ರಗಳನ್ನು ಕಾಪಾಡಿಡುವ ಒಂದು ಸಂಗ್ರಹಾಲಯದಲ್ಲಿ ಜಾಗ ಖಾಲಿಯಿದೆ, ಆದರೆ ಇಬ್ಬರು ಇಲ್ಲಿಯವರ ಶಿಫಾರಸು ಕೇಳುತ್ತಾರೆ ಅಂದೆ. ಒಬ್ಬಳು ಯಜಮಾನಿ ಇದ್ದಳು. ಇನ್ನೊಂದು ಪತ್ರವನ್ನು ಅವರು ಅಲ್ಲೇ ಊಟದ ಮೇಜಿನ ಮೇಲೆ ಕೂತು ಬರೆದುಕೊಟ್ಟರು. ನಾನು ಟೇಪು ಹರಿದದ್ದನ್ನೂ, ಅದನ್ನು ನಾನೇ ಒಪ್ಪಿಕೊಂಡದ್ದನ್ನೂ ಬಿಡದೆ ಬರೆದಿದ್ದರು. ರೈಲಿನಲ್ಲಿ ಅದನ್ನು ಓದಿದ ಗಂಡ, "ಇದನ್ನು ಯಾಕೆ ಬರೆದರು? ಕೆಲಸ ಹೋಗುತ್ತೆ ನೋಡು," ಅಂದ.

ಇಂಟರ್‌ವ್ಯೂನಲ್ಲಿ ಸಂಗ್ರಹಾಲಯದವರು ಕೇಳಿದ್ದು ಆ ಸಾಲಿನ ಬಗ್ಗೆಯೇ. ಆದದ್ದನ್ನು ಆದ ಹಾಗೇ ಹೇಳಿದೆ. ಮುಂದಿನ ವಾರ ಕೆಲಸ ಕೊಟ್ಟರು.