ಮೇಷ್ಟ್ರು ಹಾಕಿದ ರೈಟು

ಮೊನ್ನೆ ಸದಾಶಿವನಗರದ ನನ್ನ ಟೈಲರಿಂಗ್ ಅಂಗಡಿಗೆ ಮೊಮ್ಮಗಳ ಲಂಗ ಹೊಲಿಸಲು ಬಂದ ಹಿರಿಯರೊಬ್ಬರು ಡಬ್ಬಿ ತೆಗೆದು ಒಂದು ಚಿಟಿಕೆ ನಶ್ಯ ಏರಿಸಿದರು. ಆ ಘಾಟಿಗೆ ನನ್ನ ಕತ್ತರಿ ನಿಂತುಹೋಯಿತು. ಚೇಳೂರಿನ ಹೈಸ್ಕೂಲು, ಹತ್ತನೇ ಕ್ಲಾಸು, ನಮ್ಮ ಇಂಗ್ಲಿಷ್ ಮೇಷ್ಟ್ರು... ಅವರು ತಿದ್ದಿಕೊಟ್ಟ ನೋಟ್‌ಬುಕ್ಕುಗಳಿಗೆಲ್ಲ ಇದೇ ವಾಸನೆ.

ಮೇಷ್ಟ್ರದ್ದು ಒಂದು ಹಟ. ಹೊಸ ಪದ ಕಲಿಸಿದರೆ ಅದನ್ನು ಬಳಸಿ ನಮ್ಮ ಮನೆಯ ಬಗ್ಗೆ ಒಂದು ವಾಕ್ಯ ಬರೆಯಬೇಕು, ಅದು ನಿಜವಾಗಿರಬೇಕು. "ಸುಳ್ಳು ವಾಕ್ಯಕ್ಕೆ ನನ್ ಹತ್ರ ಮಾರ್ಕ್ಸ್ ಇಲ್ಲ ಕಣ್ರೋ" ಅನ್ನುತ್ತಿದ್ದರು. ಒಂದು ದಿನ 'ಔಟ್‌ವೇ' (outweigh) ಎಂಬ ಕ್ರಿಯಾಪದ ಬಂತು. ಎರಡು ವಿಷಯಗಳೂ ಮುಖ್ಯವೇ ಆಗಿದ್ದು, ಒಂದು ಇನ್ನೊಂದಕ್ಕಿಂತ ಹೆಚ್ಚು ಮುಖ್ಯವಾದಾಗ ಬಳಸುವ ಪದ. ಎರಡರಲ್ಲಿ ಒಂದಕ್ಕೆ ಬೆಲೆಯೇ ಇಲ್ಲದಿದ್ದರೆ ಈ ಪದ ಬೇಡ ಎಂದು ಒತ್ತಿ ಹೇಳಿದ್ದರು.

ಆ ವಾರವೇ ನಮ್ಮ ಮನೆಯಲ್ಲಿ ತೀರ್ಮಾನವಾಗಿತ್ತು. ಅಣ್ಣ ತುಮಕೂರಿನಲ್ಲಿ ಡಿಪ್ಲೊಮಾ ಓದುವುದು, ನಾನು ಹತ್ತನೆಯದು ಮುಗಿಸಿ ಮನೆಯಲ್ಲಿರುವುದು. ಕ್ಲಾಸಿಗೇ ಮೊದಲು ಬರುತ್ತಿದ್ದವಳು ನಾನು! ನಮ್ಮ ಮನೆಯಲ್ಲಿ ಅಣ್ಣನ ಓದು ನನ್ನ ಓದನ್ನು ಔಟ್‌ವೇ ಮಾಡುತ್ತದೆ ಎಂದು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಅಪ್ಪನಿಗೆ ಮೇಷ್ಟ್ರೆಂದರೆ ಗೌರವ. ಇದನ್ನು ಓದಿ ಒಮ್ಮೆ ಮನೆಗೆ ಬಂದು ಮಾತಾಡಿಯಾರು ಎಂಬ ಆಸೆ ನನಗೆ. ನೋಟ್‌ಬುಕ್ ವಾಪಸು ಬಂತು. ಕೆಂಪು ಇಂಕಿನ ದೊಡ್ಡ ರೈಟು, ಪಕ್ಕದಲ್ಲಿ 'ಗುಡ್'. ಅಷ್ಟೇ. ಸೇರಬೇಕೆಂದಿದ್ದ ಗುಬ್ಬಿಯ ಕಾಲೇಜನ್ನು ನಾನು ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದೆ.

ಬಹಳ ವರ್ಷಗಳ ನಂತರ ಯಡಿಯೂರಿನ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ಮೇಷ್ಟ್ರು ಸಿಕ್ಕರು. ಸೊರಗಿದ್ದರು. ನನ್ನ ಗುರುತು ಹಿಡಿದವರು ಹೇಗಿದ್ದೀಯ ಎಂದೂ ಕೇಳದೆ ಮೆಲ್ಲಗೆ ಹೇಳಿದರು: "ನೀನ್ ಬರ್ದಿದ್ ವಾಕ್ಯ ಇನ್ನೂ ನೆನಪೈತೆ ಕಣಮ್ಮ. ರೈಟ್ ಹಾಕ್ಬುಟ್ಟು ಸುಮ್ನಾದೆ. ನಿಮ್ಮಪ್ಪನ್ ಹತ್ರ ಬರ್ಬೇಕಿತ್ತು. ಅವರ್ ಮನೆ ವಿಷ್ಯ, ನಂಗ್ಯಾಕೆ ಅಂದ್ಕೊಂಡೆ."

ಅಷ್ಟು ವರ್ಷದ ಸಿಟ್ಟು ಇನ್ನೂ ಹಾಗೇ ಇತ್ತು. ಅತ್ತುಬಿಡಬಹುದಿತ್ತು, ಬೈಯಬಹುದಿತ್ತು. ಪಾಪ, ಅವರೂ ಅದಕ್ಕೇ ಕಾಯುತ್ತಿದ್ದರೋ ಏನೋ... ನಾನು ನಕ್ಕು, "ಬುಡಿ ಸಾರ್, ನಂಗೇನೂ ಬೇಜಾರಿಲ್ಲ" ಎಂದು ಸಾಲಿನಲ್ಲಿ ಮುಂದೆ ಹೋದೆ.

ಅದೇ ಕೊನೆ. ಹೋದ ವರ್ಷ ತೀರಿಕೊಂಡರೆಂದು ಊರಿಂದ ಬಂದವರು ಹೇಳಿದರು. ಮೊನ್ನೆ ಆ ಹಿರಿಯರು ಬಟ್ಟೆ ಕೊಟ್ಟು ಹೋದ ಮೇಲೂ ಅಂಗಡಿಯಲ್ಲಿ ನಶ್ಯದ ಘಾಟು ಉಳಿದಿತ್ತು. ಅವತ್ತು ನಿಜ ಬರೆದು ರೈಟು ಹಾಕಿಸಿಕೊಂಡವಳು, ಮೇಷ್ಟ್ರಿಗೆ ಕೊನೆಯದಾಗಿ ಹೇಳಿದ್ದು ಒಂದು ಸುಳ್ಳು ವಾಕ್ಯ.