ಮಂಜಿನ ಬಲೆಗೆ ಹಾಕಿದ ಹೊಲಿಗೆ

ಟೈಲರಕ್ಕನ ಹೊಲಿಗೆ ಬಿಚ್ಚಿಹೋಯಿತು ಅಂದವರು ಊರಲ್ಲಿ ಒಬ್ಬರೂ ಇಲ್ಲ. ಮೂವತ್ತು ವರ್ಷ ಮಷೀನು ತುಳಿದವಳು. ಬಟ್ಟೆ ಹರಿದರೂ ಅವಳ ಹೊಲಿಗೆ ಹರಿಯದು. ಆ ಜಂಬವೇ ಈ ಸಲ ಅವಳ ಕುತ್ತಿಗೆಗೆ ಬಂತು ನೋಡಿ.

ಮಳೆ ಮುಖವನ್ನೇ ತೋರಿಸದ ಆ ಗುಡ್ಡದಲ್ಲಿ ನೀರು ಅಂದರೆ ಮಂಜು. ನೆತ್ತಿಯ ಮೇಲೆ ಕಂಬ ನೆಟ್ಟು ಎರಡು ಪದರದ ಬಲೆಗಳನ್ನು ಕಟ್ಟಿದ್ದರು. ಮಂಜು ಬಲೆಗೆ ಬಡಿದು ಹನಿಯಾಗಿ, ಕೆಳಗಿನ ಸೀಳು ಪೈಪಿಗೆ ಇಳಿದು, ತೊಟ್ಟಿ ಸೇರಬೇಕು. ಆ ತೊಟ್ಟಿಯನ್ನೇ ನಂಬಿ ಅವಳೂ ಅವಳ ನಾದಿನಿಯೂ ತಂತಮ್ಮ ಹೊಲದಲ್ಲಿ ಟೊಮೆಟೊ ಸಸಿ ನೆಟ್ಟಿದ್ದರು. ಎಂಟು ದಿನದಿಂದ ಮಂಜಿನ ಸುಳಿವಿಲ್ಲ, ತೊಟ್ಟಿಯ ತಳ ಒಣಗಿತ್ತು. ಇವತ್ತು ನೀರು ಬೀಳದಿದ್ದರೆ ಸಸಿಗಳ ಆಸೆ ಬಿಟ್ಟ ಹಾಗೆಯೇ.

ಬೆಳಕು ಹರಿಯುವ ಹೊತ್ತಿಗೆ ಮಂಜೇನೋ ದಟ್ಟವಾಗಿ ಬಂತು. ಬಲೆಗಳು ಒದ್ದೆಮುದ್ದೆ. ಪೈಪು ಮಾತ್ರ ಒಣ ಒಣ.

"ಅತ್ತಿಗೆ, ಒಂದು ಹನಿನೂ ಇಳೀತಿಲ್ಲ!" ತೊಟ್ಟಿಯ ಹತ್ತಿರದಿಂದ ನಾದಿನಿ ಕೂಗಿದಳು.

ಬಲೆ ಮುಟ್ಟಿ ನೋಡಿದ ಟೈಲರಕ್ಕನಿಗೆ ತನ್ನದೇ ಹೊಲಿಗೆ ಬೆರಳಿಗೆ ಸಿಕ್ಕಿತು. ಹೋದ ವಾರದ ಗಾಳಿಗೆ ಪದರಗಳು ಪಟಪಟ ಹೊಡೆದುಕೊಳ್ಳುತ್ತಿವೆಯೆಂದು, ಎರಡನ್ನೂ ಸೇರಿಸಿ ಗೇಣಿಗೊಂದು ಸಾಲಿನಂತೆ ಅಡ್ಡಡ್ಡ ಹೊಲಿದವಳು ಅವಳೇ. ಪದರಕ್ಕೆ ಪದರ ಉಜ್ಜಿದರೆ ತಾನೆ ಹನಿ ಜಾರುವುದು! ಈಗ ಹನಿಗಳೆಲ್ಲ ಹೊಲಿಗೆ ಹಿಡಿದು ಕೂತಿವೆ.

"ಅಯ್ಯೋ, ನನ್ನ ಬುದ್ಧಿಗೆ ಬೆಂಕಿ ಬೀಳ! ಕತ್ತರಿ ತಾರೇ!"

"ಬಿಚ್ಚಿದ್ರೆ ಗಾಳಿಗೆ ಹರಿದುಹೋಗಲ್ವಾ?"

"ಹರಿದ್ರೆ ಹರೀಲಿ. ಬಿಸಿಲು ಬಂದ್ಮೇಲೆ ಮಂಜು ನಮಗೋಸ್ಕರ ಕಾಯ್ತಾ ಕೂರುತ್ತಾ?"

ಏಣಿ ಹತ್ತಿದಳು. ಗಾಳಿಗೆ ಏಣಿ ಅಲುಗುತ್ತಿತ್ತು, ಬೆರಳು ಮರಗಟ್ಟಿತ್ತು, ದಾರ ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ. "ಎಷ್ಟು ಬಿಗಿಯಾಗಿ ಹೊಲಿದಿದ್ದಾಳೆ ಮಹಾರಾಯ್ತಿ!" ಎಂದು ತನ್ನನ್ನೇ ಬೈದುಕೊಂಡಳು. ಮೊದಲ ಬಲೆ ಬಿಚ್ಚಿಕೊಂಡದ್ದೇ ಪದರಗಳು ಒಂದಕ್ಕೊಂದು ಬಡಿದವು, ಪೈಪಿಗೆ ಹನಿ ಉದುರತೊಡಗಿತು. ಏಣಿ ಎಳೆದು ಎರಡನೆಯದಕ್ಕೆ ಹಾರಿದಳು. ಅದು ಅರ್ಧ ಬಿಚ್ಚುವಷ್ಟರಲ್ಲಿ ಬೆನ್ನಿಗೆ ಬಿಸಿಲು ತಾಗಿತು. ನೋಡನೋಡುತ್ತಿದ್ದಂತೆ ಮಂಜು ಮಂಗಮಾಯ.

ತೊಟ್ಟಿಯಲ್ಲಿ ಒಂದು ಗೇಣು ನೀರು ನಿಂತಿತ್ತು.

"ಒಬ್ಬರ ಸಸಿಗೆ ಸಾಕಾಗುತ್ತೆ ಅಷ್ಟೇ," ನಾದಿನಿ ತಲೆ ಎತ್ತದೆ ಹೇಳಿದಳು. "ಹಂಚಿಕೊಳ್ಳೋಣ್ವಾ ಅತ್ತಿಗೆ?"

"ಹಂಚಿಕೊಂಡ್ರೆ ಇಬ್ಬರದೂ ಒಣಗುತ್ತೆ. ಹೊಲಿದಿದ್ದು ನಾನು. ನಿನ್ನ ಕಡೆ ನೀರು ಬಿಟ್ಕೋ."

"ಮತ್ತೆ ನಿಮ್ಮದು?"

"ನನ್ನದು ಹೋಯ್ತು ಕಣೇ," ಅಂದವಳು ತೊಟ್ಟಿಯ ಕಟ್ಟೆಗೆ ಒರಗಿ ಕೂತು ಅತ್ತುಬಿಟ್ಟಳು.